ಮೂರು ಮುಚ್ಚಳ, ಒಂದು ದೊಡ್ಡಪತ್ರೆ ಎಲೆ

ಮಂಜುಗಡ್ಡೆ ಲೋಟದೊಳಗೆ ಹೊರಳಿತು, ಒಣಗೂಡನ್ನು ಕಿವಿಯ ಬಳಿ ಅಲುಗಿಸಿದರೆ ಒಳಗಿನ ರೇಷ್ಮೆಹುಳು ಆಡುವಂಥ ಸದ್ದು, ನಾಗಶ್ರೀ ಇನ್ನೊಮ್ಮೆ ಅಲುಗಿಸಿದಳು, ಮಧ್ಯಾಹ್ನ ಮೂರು ಗಂಟೆ, ಅಡುಗೆಮನೆ ಕಿಟಕಿಯ ಬಿಸಿಲು ಲೋಟಕ್ಕಿಳಿದು ಜೇನಿನ ಬಣ್ಣಕ್ಕೆ ತಿರುಗಿದೆ, ಗಂಡ ಬಸವಕುಮಾರ್ ಗೂಡಿನ ಮಾರುಕಟ್ಟೆಯಲ್ಲಿ, ಅತ್ತೆ ದೊಡ್ಡಬಸಮ್ಮ ನಡುಮನೆಯ ಚಾಪೆಯ ಮೇಲೆ, ಕೊಳ್ಳೇಗಾಲಕ್ಕೆ ಕೊಳ್ಳೇಗಾಲವೇ ಕಣ್ಣು ಮುಚ್ಚಿದೆ — ಈ ಒಂದು ಗಂಟೆ ಅವಳದು. ಫೋನಿನೊಳಗಿನ ಹುಡುಗಿ ಹೇಳುತ್ತಾಳೆ, ಅರವತ್ತು ಎಂ.ಎಲ್. ಜಿನ್, ಪುದೀನ, ಸಕ್ಕರೆ ಪಾಕ, ಟಾನಿಕ್ ವಾಟರ್, ಶೇಕರಿಗೆ ಹಾಕಿ ಕುಲುಕಿ, ಅಯ್ಯೋ ತಾಯಿ, ಇಲ್ಲಿ ಟಾನಿಕ್ ಅಂದರೆ ಔಷಧಿ ಅಂಗಡಿಯವನು ಯಾರಿಗೆ ನಿಶ್ಶಕ್ತಿ ಅಂತ ಕೇಳುತ್ತಾನೆ, ಅದಕ್ಕೇ ಗೋಲಿ ಸೋಡಾ, ಪುದೀನದ ಬದಲು ಕುಂಡದ ದೊಡ್ಡಪತ್ರೆ, ಪಾಕದ ಬದಲು ಯಳಂದೂರಿಂದ ತಂದ ಬೆಟ್ಟದ ಜೇನು, ಕುಲುಕಲು ಬಿಗಿಮುಚ್ಚಳದ ಹಾಲಿನ ಕ್ಯಾನು, ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ, ಅರವತ್ತು ಯಾಕೆ, ಮೂರು ಮುಚ್ಚಳ ಸಾಕು. ಜಿನ್ ಬಾಟಲಿ ಕೊಟ್ಟಿದ್ದು ಗಂಡನ ಸ್ನೇಹಿತ ಗುರುಪ್ರಕಾಶ್, ಬೇಡವೆನ್ನಲು ಬಾರದೆ ಇವರು ಮನೆಗೆ ತಂದು ಸೀರೆಯ ಡಬ್ಬದಲ್ಲಿ ಬಚ್ಚಿಟ್ಟು ಮರೆತೇಬಿಟ್ಟರು, ಯುಗಾದಿಗೆ ಸೀರೆ ತೆಗೆಯಹೋದವಳ ಕೈಗೆ ತಣ್ಣಗೆ ತಾಕಿತು, ಚರಂಡಿಗೆ ಸುರಿಯೋಣವೆಂದೇ ಮುಚ್ಚಳ ತಿರುಗಿಸಿದ್ದು, ಮೂಗಿಗೆ ಬಂದದ್ದು ಮಳೆ ನಿಂತ ಬಿಳಿಗಿರಿರಂಗನ ಬೆಟ್ಟ. ಮೊದಲ ಸಲ ಹುಣಸೆ ಹಿಂಡಿದಳು, ಒಗ್ಗರಣೆಯೊಂದು ಕಮ್ಮಿ, ಸಾರೇ ಆಗಿತ್ತು, ಆಮೇಲೆ ನೆಲ್ಲಿಕಾಯಿ, ಸಂಜೆಯವರೆಗೂ ಬಾಯೆಲ್ಲ ಒಗರು, ಇವತ್ತು ನನ್ನಾರಿ, ಸೊಗದೆ ಬೇರು — ಹನೂರಿನ ತವರಿನ ಹಿತ್ತಿಲು, ಅವ್ವ ಬೇರು ಜಜ್ಜುತ್ತಿದ್ದಾಳೆ, ಒಂಬತ್ತರ ಹುಡುಗಿ ಗಳಿಗೆಗೊಮ್ಮೆ ಮಡಕೆಯ ಮುಚ್ಚಳ ಎತ್ತುತ್ತಾಳೆ, ಆತ್ರ ಪಡ್ಬ್ಯಾಡ ಕೂಸೆ, ಬೇರು ತಾನಾಗೇ ನೀರ್ಗೆ ಬುಟ್ಕತದೆ, ಮುಚ್ಚಿಟ್ಬುಟ್ಟು ಮರ್ತುಬುಡು, ಮರೆತೇ ಇದ್ದಳಲ್ಲ ಇಷ್ಟು ವರ್ಷ, ಗಂಡನಿಗೆ ಅರ್ಧ ಚಮಚ ಸಕ್ಕರೆಯ ಕಾಫಿ, ಅತ್ತೆಗೆ ಬೆಲ್ಲದ್ದು, ಬಂದವರಿಗೆ ಬಂದವರ ಹದ, ನಿನಗೆ ಹೇಗೆ ಬೇಕೆಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಗೊತ್ತಿರಲಿಲ್ಲ, ಈಗ ಒಂದೊಂದೇ ಮುಚ್ಚಳ ಅಳೆದು ಹುಡುಕುತ್ತಿದ್ದಾಳೆ, ಸಿಹಿ ಇಷ್ಟು, ಹುಳಿ ಇಷ್ಟು, ಕಹಿಯೂ ಸ್ವಲ್ಪ ಇರಲಿ.

ಎಲೆ ತೇಲಿತು. ಒಂದು ಗುಟುಕು — ಮೊದಲು ಬೇರು, ಆಮೇಲೆ ಜೇನು, ಕೊನೆಗೆಲ್ಲೋ ದೂರದಲ್ಲಿ ಬೆಂಕಿ, ಇದೇ, ಇದೇ ಅವಳ ಹದ, ಎರಡನೆಯ ಗುಟುಕಿಗೆ ಕೈ ತಾನಾಗಿಯೇ ಲೋಟವನ್ನು ಎದೆಯ ಹತ್ತಿರ ತಂದಿತು, ಹುಟ್ಟಿದಾಗಿನಿಂದ ಆದ ಅಭ್ಯಾಸ, ಬಾಯಿಗಿಡುವುದನ್ನೆಲ್ಲ ಮೊದಲು ಕೊರಳ ಲಿಂಗಕ್ಕೆ ತೋರಿಸಬೇಕು, ಅಲ್ಲಿ ಲಿಂಗವಿಲ್ಲ, ಮೈಮೇಲಿಂದ ತೆಗೆಯುವಂತಿಲ್ಲ, ಇದನ್ನು ತೋರಿಸುವಂತೆಯೂ ಇಲ್ಲ, ಹಾಗಾಗಿ ಮೂರು ಗಂಟೆಗೆ ದಾರ ತಿರುಗಿಸಿ ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುತ್ತಾಳೆ, ಸ್ವಲ್ಪ ಹೊತ್ತು ಶಿವ ಆ ಕಡೆ ನೋಡಲಿ ಅಂತ — ಲಿಂಗ ಯಾಕವ್ವ ಬೆನ್ ಮ್ಯಾಲದೆ? ಅತ್ತೆ ಬಾಗಿಲಲ್ಲಿ, ಎಷ್ಟು ಹೊತ್ತಿಂದ ನಿಂತಿದ್ದಾರೋ, ಅವರ ಕಣ್ಣು ಲೋಟದ ಮೇಲೆ, ನನ್ನಾರಿ ಪಾನಕವಾ, ಗಮ್ಮಂತದೆ, ನಿದ್ದೆಲೇ ಎದ್ ಬಂದೆ ಕಣವ್ವ, ನಂಗಿಲ್ವಾ? ಚಾಚಿದ ಕೈ, ಇನ್ನೊಂದು ಕೈ ಆಗಲೇ ಎದೆಯ ಕರಡಿಗೆಯನ್ನು ಮುಟ್ಟಿದೆ, ಹ್ಞೂಂ ಅಂದರೆ ಸಾಕು, ಪಾನಕವೆಂದೇ ನಂಬಿ ಲಿಂಗಕ್ಕೆ ತೋರಿಸಿ ಕುಡಿಯುತ್ತಾರೆ, ಎಪ್ಪತ್ತಾರು ವರ್ಷದ ನೇಮ ಗೊತ್ತಿಲ್ಲದೆ ಮುರಿಯುತ್ತದೆ, ಅವಳ ಮೂರು ಗಂಟೆಯ ಹೊತ್ತು ಉಳಿಯುತ್ತದೆ, ನಿಜ ಹೇಳಿದರೆ ಸಂಜೆಗೆ ಗಂಡನಿಗೆ, ನಾಳೆಗೆ ಬೀದಿಗೆ ಸುದ್ದಿ, ಆಮೇಲೆ ಆ ಹೊತ್ತೇ ಇಲ್ಲ — ಪಾನಕ ಅಲ್ಲ ಅತ್ತೆ, ಬಾಟ್ಲಿದು. ಯಾವ್ ಬಾಟ್ಲಿದು? ಕುಡ್ಯೋರು ಕುಡೀತಾರಲ್ಲ, ಅದು. ಬಸವುಂದಾ? ಅಲ್ಲ, ನಂದು. ನಲ್ಲಿ ತೊಟ್ಟಿಕ್ಕುತ್ತಿದೆ, ಬೀದಿಯಲ್ಲಿ ಬಸ್ಸಿನ ಹಾರನ್ನು, ಎಲೆ ಲೋಟದ ಅಂಚಿಗೆ ಬಂದು ನಿಂತಿದೆ. ಯಾವಾಗ್ನಿಂದ? ಯುಗಾದಿಯಿಂದ. ಥೂ ನಿನ್ನ, ಅಷ್ಟ್ ದಿನ್ವಾ, ಒಬ್ಳೇಯಾ? ಒಬ್ಳೇ ಅತ್ತೆ. ಅತ್ತೆ ನೋಡುತ್ತಲೇ ಇದ್ದಾರೆ, ಬೈಯಲಿ, ಬೈದುಬಿಡಲಿ, ಚಾಚಿದ ಕೈ ಹಿಂದಕ್ಕೆ ಹೋಯಿತು, ಕೊರಳಿಗೆ ಹೋಯಿತು, ಗಂಟು ಬಿದ್ದ ಬೆರಳುಗಳು ದಾರವನ್ನು ಹಿಡಿದು ಸುಮ್ಮನೆ ನಿಂತವು, ಆಮೇಲೆ ನಿಧಾನಕ್ಕೆ ಎಳೆದವು, ಎದೆಯಿಂದ ಭುಜಕ್ಕೆ, ಭುಜದಿಂದಾಚೆಗೆ, ಒಂದೇ ಮುಚ್ಚಳ ಆಕವ್ವ ನಂಗೆ, ಎಂದು ಇನ್ನೊಂದು ಲೋಟಕ್ಕಾಗಿ ಗೋಡೆಯ ಗೂಡಿನ ಕಡೆ ತಿರುಗಿದರು, ಬಾಗಿದ ಬೆನ್ನು, ಮಾಸಿದ ಸೆರಗು, ಅದರ ಮೇಲೆ ಬಿಸಿಲು ಬಿದ್ದ ಬೆಳ್ಳಿಯ ಕರಡಿಗೆ, ಅಲುಗುತ್ತ, ಅಲುಗುತ್ತ —