ಹಿಂದಿನ ಗೇಟಿನ ಬೀಗದ ಕೈ

ಈ ಶಾಲು ಕತ್ತಿಗೆ ಚುಚ್ಚುತ್ತಿದೆ, ಜರಿಯೋ ತಗಡೋ, ಪೊನ್ನಾಡೈ ಅಂತ ಹೊದಿಸಿ ಫೋಟೋ ತೆಗೆಸಿಕೊಂಡು ಹೋದರು, ಕೂತು ಬೆವರುವವಳು ನಾನು — ಮೈಕು ಕೀಂಯ್ ಅನ್ನುತ್ತಿದೆ, ಒಬ್ಬರಾದರೂ ಎದ್ದು ಸರಿಮಾಡುವುದಿಲ್ಲ, ಇದನ್ನೂ ನಾನೇ ಮಾಡಬೇಕೇನೋ, ಚೆನ್ನೈನ ಈ ಅಣ್ಣಾ ನಗರ್‌ಗೆ ಬಂದ ಮೂವತ್ತೆರಡು ವರ್ಷದಿಂದ ನಮ್ಮ ಬೀದಿಯ ಕಸದ ಲಾರಿ, ದೀಪ, ಮೋರಿ, ಎಲ್ಲ ನಾನೇ, ಅದಕ್ಕೇ ತಾನೇ ಕಾರ್ಪೊರೇಷನ್ ಎಲೆಕ್ಷನ್‌ಗೆ ನೀಂಗದಾನ್, ನೀವೇ ನಿಲ್ಲಬೇಕು ಮಾಮಿ ಅಂತ ಎಲ್ಲ ದುಂಬಾಲು ಬಿದ್ದದ್ದು, ಸ್ವತಂತ್ರ ಅಭ್ಯರ್ಥಿ ಜಲಜಾಕ್ಷಿ ಮಧ್ವರಾಜ, ಚಿಹ್ನೆ ಇಸ್ತ್ರಿ ಪೆಟ್ಟಿಗೆ, ಇವರಿದ್ದಿದ್ದರೆ ನಗುತ್ತಿದ್ದರು, ಸರಿಯಾದ್ದನ್ನೇ ಕೊಟ್ಟಿದಾರೆ ಕಣೇ, ನೀನು ಇಸ್ತ್ರಿ ಮಾಡದೆ ಬಿಟ್ಟವರು ಈ ಬೀದೀಲಿ ಯಾರಿದಾರೆ ಅಂತ. ಇವರಿಲ್ಲ, ಒಂಬತ್ತು ತಿಂಗಳಾಯಿತು. ಕೈಯಲ್ಲಿ ಮಗಳು ಹರಿಪ್ರಿಯಾ ಅಚ್ಚು ಹಾಕಿಸಿದ ಕರಪತ್ರ, ವಾರ್ಡಿನ ಸುರಕ್ಷತೆಗೆ ನನ್ನ ಆದ್ಯತೆಗಳು, ಎಲ್ಲಕ್ಕಿಂತ ಮೊದಲು ಪ್ರತಿ ಬೀದಿಗೂ ಗೇಟು, ಕೆಳಗೆ ಕ್ಯಾಮೆರಾ, ಅದರ ಕೆಳಗೆ ಸಕಾಲಕ್ಕೆ ಆಂಬುಲೆನ್ಸು, ಆ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದೇನೆ — ಅಮ್ಮಾ, ಅಪ್ಪಾ ವಿಷಯ ಕಂಡಿಪ್ಪಾ ಹೇಳಲೇಬೇಕಮ್ಮಾ, ಆಂಬುಲೆನ್ಸ್ ಲೇಟಾಗಿ ಬಂದು ಅಪ್ಪಾ ಪೋಯ್ಟಾರ್, ಹೋಗಿಬಿಟ್ರು ಅಂತ ನಿನ್ನ ಬಾಯಿಂದಾನೇ ಬರಬೇಕು. ಮಗಳು ಅದನ್ನೇ ನಂಬಿದ್ದಾಳೆ. ನಾನು ತಿದ್ದಲಿಲ್ಲ.

ನಮ್ಮ ಬೀದಿಯ ಕೊನೆಗೆ ಪಾರ್ಕು, ಆ ಕಡೆಯಿಂದ ಬೈಕಿನಲ್ಲಿ ಬಂದವರು ಪಕ್ಕದ ಮನೆ ಗುಣವತಿಯ ಸರ ಕಿತ್ತುಕೊಂಡು ಹೋದರು, ನಾನು ಅಸೋಸಿಯೇಷನ್ ಸೆಕ್ರೆಟರಿ, ಸುಮ್ಮನಿರುತ್ತೇನೆಯೇ, ಹದಿನೈದೇ ದಿನದಲ್ಲಿ ಅಲ್ಲಿ ಕಬ್ಬಿಣದ ಗೇಟು ಹಾಕಿಸಿದೆ, ಬೀಗದ ಕೈ ಒಂದೇ, ನನ್ನ ಹತ್ತಿರ, ಹತ್ತು ಜನರ ಹತ್ತಿರ ಇದ್ದರೆ ಅದು ಬೀಗವೇ ಅಲ್ಲ ಅಂತ ಮೀಟಿಂಗಿನಲ್ಲಿ ಗದರಿದೆ, ಚಪ್ಪಾಳೆ ತಟ್ಟಿದರು. ಇವರೊಬ್ಬರೇ ಗೊಣಗಿದ್ದು, ನಿನ್ನ ಪೂಜೆ ಮುಗಿದು ಗೇಟು ತೆಗೆಯೋ ತನಕ ನಾನು ವಾಕಿಂಗಿಗೆ ಮೇನ್ ರೋಡೆಲ್ಲ ಸುತ್ತಬೇಕಾ, ಇನ್ನೊಂದು ಕೈ ಮಾಡಿಸೇ ಮಹಾರಾಯ್ತಿ — ಮಾಡಿಸಲಿಲ್ಲ, ಗಂಡನಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅಂದೆ, ನ್ಯಾಯವಂತೆ. ಆವತ್ತು ದ್ವಾದಶಿ, ಹಿಂದಿನ ದಿನ ಏಕಾದಶಿ, ಇಬ್ಬರೂ ತೊಟ್ಟು ನೀರು ಕುಡಿದಿಲ್ಲ, ಎಪ್ಪತ್ತು ದಾಟಿದ ಮನುಷ್ಯ, ಇವತ್ತು ಒಂದು ದಿನ ವಾಕಿಂಗ್ ಬಿಡಿ ಅನ್ನಬಹುದಿತ್ತು, ಅನ್ನಲಿಲ್ಲ, ಇವರು ಮೇನ್ ರೋಡ್ ಸುತ್ತಿ ಪಾರ್ಕಿಗೆ ಹೋದರು, ಬೆಳಗಾಗುತ್ತಲೇ ಪಾರಣೆ ಆಗಬೇಕು, ಒಲೆಯ ಮೇಲೆ ಅಗಸೆ ಸೊಪ್ಪು, ನಾನು ಮಡಿಯಲ್ಲಿ, ಒದ್ದೆ ಸೀರೆ, ಫೋನು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮೊದಲಿಂದ ಅಡಿಗೆ. ಹೊಸಿಲಾಚೆ ಸ್ಟೂಲಿನ ಮೇಲೆ ಅದು ಗುರ್ ಗುರ್ ಅಂತ ನಡುಗುತ್ತ ತಾನೇ ಸರಿದಾಡುತ್ತಿತ್ತು, ಗುಣವತಿ, ಮತ್ತೆ ಗುಣವತಿ, ಗೇಟ್ ತೆಗೀರಿ ಜಲಜಕ್ಕ ಅಂತ ಇವಳದ್ದು ದಿನಾ ಇದೇ ಗೋಳು, ಹೊಡೆದುಕೊಳ್ಳಲಿ ಅಂದುಕೊಂಡೆ. ಸೈರನ್ ಕೇಳಿಸಿತು, ಕೇಳಿಸಿತು, ಸುಳ್ಳು ಹೇಳುವುದಿಲ್ಲ, ಪಾಪ ಯಾರಿಗೋ ಏನೋ, ಕಾಪಾಡಪ್ಪಾ ಕೃಷ್ಣಾ ಅಂದು ತೆಂಗಿನಕಾಯಿ ರುಬ್ಬಲು ಮಿಕ್ಸಿ ಹಾಕಿದೆ, ಆ ಗದ್ದಲದಲ್ಲಿ ಯಾರೋ ಬಾಗಿಲು ಬಡಿದರಂತೆ, ಅದು ಮಾತ್ರ ಕೇಳಿಸಲಿಲ್ಲ. ಗೇಟಿನ ಆ ಕಡೆ ಇವರು ಬಿದ್ದಿದ್ದರು, ಗುಣವತಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಆಂಬುಲೆನ್ಸು ಎಂಟೇ ನಿಮಿಷಕ್ಕೆ ಬಂತು, ಬಂದು ಗೇಟಿನ ಈ ಕಡೆ ನಿಂತಿತು, ಮಧ್ಯೆ ನನ್ನ ಬೀಗ, ಆಮೇಲೆ ಹಿಂದಕ್ಕೆ ಹೋಗಿ, ಮೆಟ್ರೋ ಸ್ಟೇಷನ್ ಸುತ್ತಿ, ಸಿಗ್ನಲ್ಲು, ಯೂ ಟರ್ನು, ಪಾರ್ಕಿನ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹತ್ತನೆಯ ದಿನ ಗುಣವತಿ ಕೈ ಹಿಡಿದುಕೊಂಡಳು, ನೀವ್ ಮಡೀಲಿದ್ರಿ ಜಲಜಕ್ಕ, ನಿಮಗ್ ಹೆಂಗ್ ಗೊತ್ತಾಗ್ಬೇಕು, ನಾನ್ ಯಾರ್ ಹತ್ರನೂ ಬಾಯ್ ಬಿಡಲ್ಲ — ಬಿಡಲೂ ಇಲ್ಲ, ಮೈಸೂರಿನ ಹೆಣ್ಣು, ಮಾತು ಕೊಟ್ಟರೆ ಕೊಟ್ಟಳು, ಅಗೋ ಮೂರನೆಯ ಸಾಲಿನಲ್ಲಿ ಕೂತು ನನಗೆ ಧೈರ್ಯ ಹೇಳುವ ಹಾಗೆ ತಲೆ ಆಡಿಸುತ್ತಿದ್ದಾಳೆ. ನನಗೆ ಓಟು ಬೇಡ, ಇವರು ಬೇಕು, ನನ್ನನ್ನು ಬೈಯುವುದಕ್ಕಾದರೂ ಬೇಕು.

ಹೆಸರು ಕರೆದರು, ಕಾಲು ಎದ್ದು ನಿಂತಿದೆ, ಮೈಕು ತಣ್ಣಗಿದೆ, ಎಲ್ಲಾರುಕ್ಕುಂ ವಣಕ್ಕಂ, ನನ್ನದೇ ಧ್ವನಿ, ಪ್ರತಿ ಬೀದಿಗೂ ಗೇಟು ಅಂತ ಓದುತ್ತಿದ್ದೇನೆ, ಚಪ್ಪಾಳೆ, ಎದುರಿಗೆ ಹರಿಪ್ರಿಯಾ ಫೋನೆತ್ತಿ ವಿಡಿಯೋ ಮಾಡುತ್ತಿದ್ದಾಳೆ, ಕಣ್ಣಲ್ಲೇ ಹೇಳುತ್ತಿದ್ದಾಳೆ, ಇಪ್ಪೋ ಅಪ್ಪಾ ಬಗ್ಗೆ ಸೊಲ್ಲುಮ್ಮಾ — ಆಂಬುಲೆನ್ಸ್ ಲೇಟಾಗಿ ಬರಲಿಲ್ಲ, ಅಂದುಬಿಟ್ಟೆ, ತಮಿಳಿನಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ, ಸರಿಯಾದ ಹೊತ್ತಿಗೇ ಬಂದಿತ್ತು, ಗೇಟಿಗೆ ಬೀಗ ಹಾಕಿತ್ತು, ಕೈ ನನ್ನ ಹತ್ತಿರ ಇತ್ತು. ಗುಣವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹರಿಪ್ರಿಯಾಳ ಕೈ ನಿಧಾನ ಕೆಳಗಿಳಿಯುತ್ತಿದೆ, ಮಗಳೇ, ಇಷ್ಟೇ ಅಲ್ಲ, ಇನ್ನೊಂದಿದೆ, ಗುಣವತಿಗೂ ಗೊತ್ತಿಲ್ಲದ್ದು, ಆ ಬೆಳಿಗ್ಗೆ ಬಂದ ಮೊದಲ ಕರೆ ಅವಳದಲ್ಲ, ಅವಳು ಪಾರ್ಕಿಗೆ ಬರುವ ಮುಂಚೆಯೇ ಒಂದು ಬಂದಿತ್ತು, ನೀನು ನನ್ನ ಫೋನಿನಲ್ಲಿ ಬರೆದುಕೊಟ್ಟ ಹೆಸರಿನಿಂದ, ನಾನು ಅದನ್ನು ನೋಡಿದೆ, ನೋಡಿ, ಸುತ್ಕೊಂಡೇ ಬರ್ಲಿ ಅಂತ ಒಲೆಯ ಕಡೆ ತಿರುಗಿದೆ — ಹೇಳು ಜಲಜಾ, ಹೇಳು, ನಾಲಿಗೆ ಏಳುವುದಿಲ್ಲ, ಸ್ಟೂಲಿನ ಮೇಲೆ ಫೋನು, ಬೆಳಕು ಹತ್ತಿಕೊಂಡಿದೆ, ನಡುಗುತ್ತ ಅಂಚಿಗೆ ಸರಿಯುತ್ತಿದೆ, ಅಪ್ಪಾ ಅಂತ ಬರೆದಿದೆ, ಸ್ಟೂಲಿನ ಮೇಲೆ ಫೋನು, ಅಪ್ಪಾ, ಅಪ್ಪಾ