ಬಂದವರ ಮಾತು

ಇನ್ಸ್‌ಪೆಕ್ಟರ್ ಶ್ರೀರಾಮುಲು ತೆಲುಗಿನಲ್ಲಿ ಕೇಳಿದರು, ಐದನೇ ತರಗತಿಯ ಹುಡುಗಿ ಊರಮ್ಮ ಎದ್ದು ನಿಂತು ತೆಲುಗಿನಲ್ಲೇ ಹೇಳಿಬಿಟ್ಟಳು. ತುಂಗಭದ್ರೆ ಎಲ್ಲಿಂದ ಬರುತ್ತದೆ, ಯಾವ ಹೊಳೆ ಸೇರುತ್ತದೆ, ಒಂದೂ ತಪ್ಪಲಿಲ್ಲ. ಬಾಗಿಲ ಬಳಿ ನಿಂತಿದ್ದ ಮರಿಬಸಪ್ಪ ಮಾಸ್ತರರು ಗಾಬರಿಯಿಂದ ಒಂದು ಹೆಜ್ಜೆ ಒಳಗೆ ಬಂದರು. ಆ ಪಾಠವನ್ನು ಅವರು ಕಲಿಸಿದ್ದು ಕನ್ನಡದಲ್ಲಿ.

ಬಳ್ಳಾರಿ ಜಿಲ್ಲೆಯಲ್ಲಿದ್ದ, ಹೊಳಗುಂದದ ಪಕ್ಕದ ಈ ಊರು ಆಂಧ್ರಕ್ಕೆ ಸೇರಿ ಒಂದು ವರ್ಷವಾಗಿತ್ತು. ಶಾಲೆಯ ಕನ್ನಡ ವಿಭಾಗ ಇರಬೇಕೋ ಮುಚ್ಚಬೇಕೋ ಎಂದು ನೋಡಿ ಹೇಳಲು ಇನ್ಸ್‌ಪೆಕ್ಟರು ಆದೋನಿಯಿಂದ ಬಂದಿದ್ದರು. ಮಾಸ್ತರರು ದೀಪಾವಳಿ ಕಳೆದಾಗಿನಿಂದ ಮಕ್ಕಳ ಬೆನ್ನು ಹತ್ತಿ ಮಗ್ಗಿ, ಪದ್ಯ, ಭೂಗೋಳ ಎಲ್ಲ ಬಾಯಿಪಾಠ ಮಾಡಿಸಿದ್ದರು, ಗೋಡೆಗೆ ತಾವೇ ಸುಣ್ಣ ಬಳಿದಿದ್ದರು. ಉತ್ತರವನ್ನು ಕನ್ನಡದಲ್ಲಿ ಹೇಳಬೇಕು ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಕನ್ನಡ ವಿಭಾಗದ ಮಕ್ಕಳಿಗೆ ಅದನ್ನೂ ಹೇಳಿಕೊಡಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆದೀತು?

ಹೊಳಗುಂದದ ಸುತ್ತಿನಲ್ಲಿ ಬಂದವರನ್ನು ಬಂದವರ ಮಾತಿನಲ್ಲೇ ಮಾತಾಡಿಸುವುದು ಮರ್ಯಾದೆ. ಬಳೆಗಾರ ಬಂದರೆ ತೆಲುಗು, ಅತ್ತರಿನ ಸಾಬರು ಬಂದರೆ ಅವರ ಉರ್ದು. ಮನೆಯೊಳಗೆ ಜಗಳಕ್ಕೂ ಜೋಗುಳಕ್ಕೂ ಕನ್ನಡ. ಇದನ್ನು ಮಕ್ಕಳಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ.

ಮಾಸ್ತರರು ಕಣ್ಣು ಬಿಟ್ಟರು, ಕೆಮ್ಮಿದರು. ದನಿ ಸಾಲದಾಯಿತೆಂದು ತಿಳಿದು ಮಕ್ಕಳು ಇನ್ನಷ್ಟು ಜೋರಾಗಿ ತೆಲುಗು ಹೇಳಿದರು. ಕನ್ನಡ ಉಳಿಯಲಿ ಎಂದು ಅರ್ಜಿ ಹಾಕಿದ್ದ ಊರ ಹಿರಿಯ ಭೀಮಲಿಂಗಪ್ಪನೇ ಕುರ್ಚಿಯಲ್ಲಿ ಕೂತು ಹೆಮ್ಮೆಯಿಂದ ತಲೆದೂಗುತ್ತಿದ್ದ. ಮೈ ಉರಿದುಹೋಯಿತು ಮಾಸ್ತರರಿಗೆ.

"ಕನ್ನಡದಾಗ ಹೇಳವಾ," ಎಂದರು ಹಲ್ಲು ಕಚ್ಚಿ.

"ಸಾಹೇಬ್ರಿಗೆ ತಿಳಿಯಂಗಿಲ್ರಿ, ಪಾಪ," ಎಂದಳು ಊರಮ್ಮ.

ಇನ್ಸ್‌ಪೆಕ್ಟರಿಗೆ ಬಹಳ ಸಂತೋಷವಾಯಿತು. ಕೆಟ್ಟ ಮನುಷ್ಯರಲ್ಲ ಅವರು, ಅದೇ ಸಂಕಟ. ಮಕ್ಕಳು ಚುರುಕಾಗಿದ್ದಾರೆ, ತೆಲುಗು ಇವರಿಗೆ ಹೊರೆಯಲ್ಲ, ಜೂನ್‌ನಿಂದ ಎಲ್ಲರನ್ನೂ ತೆಲುಗು ವಿಭಾಗದಲ್ಲೇ ಕೂರಿಸಬಹುದು, ಹಾಗೆಂದೇ ಮೇಲಿನವರಿಗೆ ತಿಳಿಸುತ್ತೇನೆ ಎಂದರು.

ಮಾಸ್ತರರಿಗೆ ತಡೆಯಲಾಗಲಿಲ್ಲ. ಬಳೆ ಚೌಕಾಶಿ ಮಾಡುವ ತೆಲುಗೇ ಬೇರೆ, ಪಾಠ ಓದಿ ತಿಳಿಯುವ ತೆಲುಗೇ ಬೇರೆ ಎಂದರು. ಸಿಟ್ಟು ಬಂದರೆ ಈ ಮಕ್ಕಳು ಬೈಯುವುದು ಕನ್ನಡದಲ್ಲಿ, ಜ್ವರ ಬಂದರೆ ಬಡಬಡಿಸುವುದು ಕನ್ನಡದಲ್ಲಿ ಎಂದರು. ಇಲ್ಲಿ ಕನ್ನಡದ ಅಕ್ಷರ ಹೋದರೆ ಮುಂದೆ ಇವರ ಮಕ್ಕಳು ಅಜ್ಜಿಗೆ ಬಂದ ಕಾಗದ ಓದಿ ಹೇಳಲಾರರು ಎಂದರು. ಭೀಮಲಿಂಗಪ್ಪ ತಲೆದೂಗುವುದನ್ನು ನಿಲ್ಲಿಸಿದ್ದ.

ಇನ್ಸ್‌ಪೆಕ್ಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಮೆತ್ತಗೆ ನಕ್ಕರು.

"ಇಂತಸೇಪು ಮೀರು ಏ ಭಾಷಲೋ ಮಾಟ್ಲಾಡಾರು, ಮಾಸ್ಟಾರೂ?"

ಇಷ್ಟು ಹೊತ್ತೂ ತಾವು ವಾದ ಮಾಡಿದ್ದು ಯಾವ ಭಾಷೆಯಲ್ಲಿ ಎಂಬುದು ಮರಿಬಸಪ್ಪನವರಿಗೆ ಆಗ ಅರಿವಾಯಿತು. ಇನ್ಸ್‌ಪೆಕ್ಟರು ಉತ್ತರಕ್ಕೆ ಕಾದರು. ಮಾಸ್ತರರಿಗೂ ಪ್ರಶ್ನೆ ಬಂತಲ್ಲಾ ಎಂದು ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂತರು.

ಮುಂದಿನ ಸಾಲಿನಿಂದ ಊರಮ್ಮ, ಸಾಹೇಬರಿಗೆ ಕೇಳದ ಹಾಗೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿಕೊಟ್ಟಳು.

"ತೆಲುಗು ಅನ್ರಿ, ಮಾಸ್ತರ."