ಹರಕೆಯ ಕವಲುದೀಪಗಳು

ಮಗ ಸಿಡುಬಿನಿಂದ ಎದ್ದು ಕೂತರೆ, ಮುತ್ತಜ್ಜಿಯ ಕಾಲದ, ಮೇಣದಬತ್ತಿ ಸಿಕ್ಕಿಸುವ ಬೆಳ್ಳಿಯ ಕವಲುದೀಪಗಳೆರಡನ್ನೂ ದೇವಮಾತೆಯ ಇಗರ್ಜಿಗೆ ಒಪ್ಪಿಸುತ್ತೇನೆಂದು ಕೌಂಟೆಸ್ ಒಡೀಲ್ ಹರಕೆ ಹೊತ್ತಿದ್ದಳು. ಮಗ ಎದ್ದು ಕೂತ. ಕೂತದ್ದೇನು, ಕುದುರೆಯೇರಿ ಲುವಾರ್ ನದಿಯ ದಂಡೆಯಲ್ಲೆಲ್ಲ ಧೂಳೆಬ್ಬಿಸತೊಡಗಿದ. ಈಸ್ಟರ್ ಪೂಜೆಗೆ ದೀಪಗಳು ಬಲಿಪೀಠದ ಮೇಲಿರಬೇಕಿತ್ತು.

"ದೇವರಿಗೆ ಕೊಡೋದನ್ನ ನಾನೇ ಉಜ್ಜಬೇಕು ಕಣೆ," ಎಂದು ಒಡೀಲ್ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಆ ಮನೆತನದ ಹೆಣ್ಣುಮಕ್ಕಳು ಉಜ್ಜುವ ಬಟ್ಟೆಯನ್ನು ಮುಟ್ಟಿದ್ದೇ ಇಲ್ಲ.

ದಾಸಿ ಪೆರಿನ್ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಇವಳ ತಾಯಿಯ ಎದೆಹಾಲನ್ನೇ ಒಡೀಲಳೂ ಕುಡಿದು ಬೆಳೆದದ್ದು. "ಬೇಡಿ ಅಮ್ಮಾವ್ರೆ. ಆ ಕೈ ಇರೋದು ಜಪಮಾಲೆ ಹಿಡಿಯೋಕೆ. ಉಜ್ಜೋದು ನನ್ನ ಹಣೇಬರಹ."

"ನೀನು ಉಜ್ಜೋದೋ! ಬೆಕ್ಕಿನ ಬೆನ್ನು ಸವರಿದ ಹಾಗೆ. ತಾ ಇಲ್ಲಿ."

ಒಂದೊಂದು ಸಲ ಉಜ್ಜುವಾಗಲೂ ಒಂದೊಂದು ಪ್ರಾರ್ಥನೆ ಹೇಳುತ್ತ ಒಡೀಲ್ ಸೀಮೆಸುಣ್ಣದ ಪುಡಿ ಹಾಕಿ ತಿಕ್ಕಿದಳು. ಮನೆತನದ ಲಾಂಛನದ ಅಂಚಿನಲ್ಲಿ ಕೆಂಪು ಕಂಡಿತು. ದ್ರಾಕ್ಷಾರಸದ ಕಲೆಯಿರಬೇಕೆಂದು ಇನ್ನಷ್ಟು ತಿಕ್ಕಿದಳು. ಕೆಂಪು ಹರಡಿತು. ಬೆಳ್ಳಿಯ ಲೇಪದಡಿ ತಾಮ್ರ!

"ಪೆರಿನ್, ಏನೇ ಇದು?"

ಪೆರಿನ್ ನೆಲ ನೋಡಿದಳು. "ಹೋದ ಚಳಿಗಾಲದಲ್ಲಿ ಕವಲು ಬಾಗಿದೆ ಅಂತ ಧಣಿಗಳು ಪ್ಯಾರಿಸ್ಸಿಗೆ ಒಯ್ದರಲ್ಲ, ವಾಪಸ್ ಬಂದದ್ದು ಇವು. ಬೆಳ್ಳಿಯವು ಅಲ್ಲೊಬ್ಬಳು ನಾಟಕದವಳ ಊಟದ ಮೇಜಿನ ಮೇಲಿವೆಯಂತೆ. ಗಾಡಿಯವನು ನೋಡಿ ಬಂದ."

"ನಿಂಗೆ ಯಾವಾಗ ತಿಳೀತು?"

"ಬಂದ ವಾರವೇ. ಅದಕ್ಕೇ ಮೆತ್ತಗೆ ಒರೆಸ್ತಿದ್ದೆ. ನಿಮಗೆ ನೋವಾಗಬಾರದು ಅಂತ..."

ಗಂಡನ ಚಪಲ ಒಡೀಲಳಿಗೆ ಹೊಸದಲ್ಲ. ಆದರೆ ಪೆರಿನ್ ಬಚ್ಚಿಟ್ಟದ್ದು ನೇರ ಎದೆಗೇ ನಾಟಿತು. "ಮಗುವಿನ ಹಾಸಿಗೆ ಹತ್ತಿರ ನಾನು ಹರಕೆ ಹೊತ್ತಾಗ ಪಕ್ಕದಲ್ಲೇ ಮಂಡಿಯೂರಿ ಆಮೆನ್ ಅಂದೆಯಲ್ಲೇ! ತಾಮ್ರ ಅಂತ ಗೊತ್ತಿದ್ದೂ!"

ಸದ್ದು ಕೇಳಿ ಬಂದ ಕೌಂಟ್ ಲಾಂಬೆರ್ ಕೆಂಪು ನೋಡಿ ನಕ್ಕುಬಿಟ್ಟ. "ಇಷ್ಟಕ್ಕೆ ರಂಪಾನಾ? ಆ ಮುದಿ ಪಾದ್ರಿಗೆ ತನ್ನ ಮೂಗಿನ ತುದೀನೇ ಕಾಣಲ್ಲ. ಕೊಟ್ಟು ಬಾ, ಯಾರಿಗೆ ತಿಳಿಯುತ್ತೆ?"

"ಹರಕೆ ಹೊತ್ತದ್ದು ಪಾದ್ರಿಗಲ್ಲ ರೀ," ಎಂದಳು ಒಡೀಲ್. ಬಟ್ಟೆ ಕೆಳಗಿಡಲಿಲ್ಲ. ಎರಡೂ ಲಾಂಛನಗಳು ಕೆಂಪಾಗುವವರೆಗೆ ತಿಕ್ಕಿದಳು.

ಈಸ್ಟರ್ ಬೆಳಿಗ್ಗೆ ಅವಳೇ ದೀಪಗಳನ್ನು ಹೊತ್ತು ಬಲಿಪೀಠದ ಬಳಿ ನಿಂತಳು. ಮುಂದಿನ ಸಾಲಿನಲ್ಲಿ ಗಂಡ ಕೂತಿದ್ದ.

"ಇವು ತಾಮ್ರದವು, ಸ್ವಾಮಿ. ನಾನು ದೇವಮಾತೆಗೆ ಹೇಳಿಕೊಂಡದ್ದು ಬೆಳ್ಳಿಯವನ್ನ. ಅವು ಎಲ್ಲಿವೆ ಅಂತ ನಮ್ಮ ಯಜಮಾನರಿಗೆ ಗೊತ್ತು. ನೀವೇ ಕೇಳಿ."

ಪಾದ್ರಿ ತಡವರಿಸುತ್ತ ಕೈಚಾಚಿ ದೀಪಗಳನ್ನು ತೆಗೆದುಕೊಂಡರು. ಬಲಿಪೀಠದ ಮೇಲಿಟ್ಟು ಬತ್ತಿ ಹೊತ್ತಿಸಿದರು. ಲಾಂಬೆರನ ಕತ್ತು ಕಾಲರಿನವರೆಗೂ ಕೆಂಪೇರಿತ್ತು.

ಮನೆತನದ ಆಸನದ ಹಿಂದೆ ಪೆರಿನ್ ಎಂದಿನಂತೆ ಪ್ರಾರ್ಥನೆ ಪುಸ್ತಕದ ಪುಟ ತೆರೆದು ಹಿಡಿದು ಕಾಯುತ್ತಿದ್ದಳು. ಒಡೀಲ್ ಅವಳನ್ನು ದಾಟಿ ಹಿಂದಕ್ಕೆ ನಡೆದಳು. ಕಡೆಯ ಬೆಂಚಿನಲ್ಲಿ ಅಗಸಗಿತ್ತಿಯೊಬ್ಬಳು ಗಾಬರಿಯಿಂದ ಲಂಗ ಒತ್ತಿಕೊಂಡು ಆಚೆ ಸರಿದು ಜಾಗ ಬಿಟ್ಟಳು.